ಜಲಜಮ್ಮನ ಕೈ ನಿಂತ ಜಾಗ

ನಿರಂಜನನ ನಾಟಕಗಳಿಗೆ ಇಬ್ಬರು ನಿರ್ದೇಶಕರು ಎಂದು ಅವನ ನಾಟಕ ಬಳಗದವರು ತಮಾಷೆ ಮಾಡುತ್ತಿದ್ದರು. ಒಬ್ಬ ನಿರಂಜನ, ಇನ್ನೊಂದು ಅವನ ತಾಯಿ ಜಲಜಮ್ಮನ ಬಲಗೈ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಸ ನಾಟಕ ಬರೆದು ಮುಗಿದ ಮೇಲೆ ಬರುವ ಭಾನುವಾರ, ಮಧ್ಯಾಹ್ನದ ಊಟವಾದ ಬಳಿಕ, ನಿರಂಜನ ಸಾಗರದ ತನ್ನ ಮನೆಯ ಹಿಂಜಗುಲಿಯಲ್ಲಿ ತಾಯಿಯ ಎದುರು ಕೂತು ಇಡೀ ನಾಟಕವನ್ನು ಓದುತ್ತಿದ್ದ. ಅವಳು ಏನಾದರೊಂದು ಕೆಲಸ ಹಚ್ಚಿಕೊಂಡು ಕೇಳುತ್ತಿದ್ದಳು. ಓದುವಾಗ ಅವಳ ಕೈ ಕೆಲಸ ಬಿಟ್ಟು ನಿಂತರೆ ಆ ಭಾಗ ಉಳಿಯಿತು. ಕೈ ತನ್ನ ಪಾಡಿಗೆ ಆಡುತ್ತಲೇ ಇದ್ದರೆ ಪೆನ್ಸಿಲಿನಿಂದ ಒಂದು ಗೀಟು, ಆ ಭಾಗ ಹೋಯಿತು.

ಈ ಪದ್ಧತಿಗೆ ಕಾರಣವಿತ್ತು. ನಿರಂಜನ ಬಿ.ಕಾಂ. ಅರ್ಧಕ್ಕೆ ಬಿಟ್ಟು, ಹೆಗ್ಗೋಡಿನಲ್ಲಿ ಒಂದು ವರ್ಷ ನಾಟಕ ಕಲಿತು, ಆಮೇಲೆ ತಂಡಗಳ ಜೊತೆ ಊರೂರು ಅಲೆದು ಬಂದವನು. ದೇಶವಿದೇಶದ ರಂಗಭೂಮಿಯನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ತನ್ನ ಮೊದಲ ನಾಟಕವನ್ನು ಹೊಸನಗರದ ಒಂದು ಶಾಲೆಯ ಬಯಲಿನಲ್ಲಿ ಆಡಿಸಿದ. ನಟರು ತಲೆಕೆಳಗಾಗಿ ನಿಂತು ಮಾತಾಡುವ ನಾಟಕ ಅದು. ಅರ್ಧ ಗಂಟೆಗೆ ಜನ ಚಾಪೆ ಸುತ್ತಿಕೊಂಡು ಎದ್ದರು. ಕೊನೆಯವರೆಗೆ ಕೂತವಳು ಜಲಜಮ್ಮ ಒಬ್ಬಳೇ, ಅವಳಿಗೂ ನಿದ್ದೆ ಹತ್ತಿತ್ತು. ಕೆಲಸ ಮಾಡುವವರ ಕೈಯನ್ನು ನಿಲ್ಲಿಸಲಾರದ ನಾಟಕ ತನಗೆ ಬೇಡ ಎಂದು ನಿರಂಜನ ಅವತ್ತೇ ತೀರ್ಮಾನಿಸಿದ. ಮೈಕಿಲ್ಲ, ಪಕ್ಕದಿಂದ ಮಾತು ಹೇಳಿಕೊಡುವವರಿಲ್ಲ, ದುಡ್ಡು ಕೊಟ್ಟವರಿಗೆ ಪಾತ್ರವಿಲ್ಲ ಎಂಬ ನಿಯಮಗಳು ಆಮೇಲೆ ಸೇರಿಕೊಂಡವು. ಪತ್ರಿಕೆಯವರು ಯಾರೇ ಬಂದರೂ "ನನ್ನ ಮೊದಲ ಪ್ರೇಕ್ಷಕಿ ನನ್ನ ಅವ್ವ" ಎಂದೇ ಶುರು ಮಾಡುತ್ತಿದ್ದ. ಶಾಲೆಗಳಲ್ಲಿ ಶಿಬಿರ ಮಾಡಿ ಅವನು ತರುತ್ತಿದ್ದದ್ದು ಬಳಗದ ಜೀಪಿನ ಬಾಡಿಗೆಗೆ ಸರಿಹೋಗುತ್ತಿತ್ತು. ಮನೆ ನಡೆಯುತ್ತಿದ್ದದ್ದು ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದ ಹೆಂಡತಿ ಸುಮನಾಳ ಸಂಬಳದಲ್ಲಿ. ಇದನ್ನು ಸುಮನಾ ದಿನಾ ನೆನಪಿಸುತ್ತಿರಲಿಲ್ಲ, ವಾರಕ್ಕೊಮ್ಮೆ ನೆನಪಿಸುತ್ತಿದ್ದಳು.

ಈ ಸಲದ್ದು ಜನರನ್ನು ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚಿನ ನಾಟಕ. ಹಿನ್ನೀರಿಗೆ ಸೇತುವೆಯಾದ ಮೇಲೆ, ಲಾಂಚಿನಲ್ಲಿ ಟಿಕೆಟ್ ಹರಿಯುತ್ತಿದ್ದ ಒಬ್ಬ ಮುದುಕನ ಬದುಕು ಏನಾಯಿತು ಎಂಬುದು ಕಥೆ. ಮೊದಲ ಪ್ರದರ್ಶನ ತೀರ್ಥಹಳ್ಳಿಯ ನಾಟಕೋತ್ಸವದಲ್ಲಿ ನಿಗದಿಯಾಗಿತ್ತು. ಎರಡನೆಯ ದೃಶ್ಯವನ್ನು ಬರೆದವಳು ಮಗಳು ಶರಾವತಿ. ಬಿ.ಎ. ಎರಡನೆಯ ವರ್ಷದ ಈ ಹುಡುಗಿ ಅಲ್ಲಿಯವರೆಗೆ ಬಳಗದ ಬಟ್ಟೆಗೆ ಇಸ್ತ್ರಿ ಹಾಕಿದ್ದಳು, ಹಾಡಿಗೆ ದನಿ ಸೇರಿಸಿದ್ದಳು, ಬರೆದದ್ದು ಇದೇ ಮೊದಲು. ಅವಳ ದೃಶ್ಯದಲ್ಲಿ, ಮದುವೆಯೂಟದ ವಿಷಯಕ್ಕೆ ಮಾತು ಬಿಟ್ಟ ಇಬ್ಬರು ಬೀಗಿತ್ತಿಯರು ಒಂದೇ ಲಾಂಚಿಗೆ ಹತ್ತಿಬಿಡುತ್ತಾರೆ. ಸೆರಗಿಗೆ ಸೆರಗು ತಾಗುವಷ್ಟು ಹತ್ತಿರ ನಿಂತಿದ್ದರೂ ನೇರವಾಗಿ ಮಾತಾಡುವುದಿಲ್ಲ. ಇವಳಂದದ್ದನ್ನು ಅವಳಿಗೆ, ಅವಳಂದದ್ದನ್ನು ಇವಳಿಗೆ ಟಿಕೆಟಿನ ಮುದುಕನೇ ದಾಟಿಸಬೇಕು. ಬಳಗದವರು ಇದನ್ನು ಓದಿ ಬಿದ್ದು ಬಿದ್ದು ನಕ್ಕಿದ್ದರು.

ಆ ಭಾನುವಾರ ಜಲಜಮ್ಮ ಉಪ್ಪಿನಕಾಯಿಗೆ ಅಪ್ಪೆಮಿಡಿ ಹರಡಿಕೊಂಡು ಕೂತಿದ್ದಳು. ಒಂದೊಂದೇ ಮಿಡಿಯ ತೊಟ್ಟು ಕತ್ತರಿಸಿ, ಬಟ್ಟೆಯಲ್ಲಿ ಒರೆಸಿ, ಭರಣಿಗೆ ಹಾಕುವ ಕೆಲಸ. ಮಗಳ ದೃಶ್ಯ ಬಂದಾಗ ನಿರಂಜನ ಹಾಳೆಯಿಂದ ತಲೆ ಎತ್ತಲಿಲ್ಲ, ಅವಳ ಅಕ್ಷರ ಅವನಿಗೆ ಅಷ್ಟು ಕಷ್ಟವಾಗಿತ್ತು. ಬಾಗಿಲಲ್ಲಿ ನಿಂತ ಶರಾವತಿ ಅಜ್ಜಿಯ ಕೈಯನ್ನೇ ನೋಡುತ್ತಿದ್ದಳು. ಕೈ ತೊಟ್ಟು ಕತ್ತರಿಸಿತು, ಒರೆಸಿತು, ಭರಣಿಗೆ ಹಾಕಿತು. ಒಂದು ಸಲವೂ ತಡೆಯಲಿಲ್ಲ, ಕತ್ತಿಯ ಸದ್ದು ತಲೆ ಎತ್ತದ ನಿರಂಜನನಿಗೂ ಕೇಳುತ್ತಲೇ ಇತ್ತು. ಮೂರನೆಯ ದೃಶ್ಯದಲ್ಲಿ ಮುದುಕನ ಉದ್ದನೆಯ ಸ್ವಗತ. ಅದು ನಿರಂಜನನೇ ಬರೆದದ್ದು, ಅವನಿಗೆ ಬಾಯಿಪಾಠವಾಗಿತ್ತು. ಹಾಳೆ ಕೆಳಗಿಟ್ಟು, ಮುಖವೆತ್ತಿ, ಕೈಯಾಡಿಸುತ್ತ ಹೇಳಿದ. ಜಲಜಮ್ಮನ ಕೈ ಮಿಡಿ ಹಿಡಿದುಕೊಂಡು ಹಾಗೆಯೇ ನಿಂತಿತು.

ಓದು ಮುಗಿದ ಮೇಲೆ ನಿರಂಜನ ಪೆನ್ಸಿಲು ತೆಗೆದು ಎರಡನೆಯ ದೃಶ್ಯದ ಮೇಲೆ ಗೀಟೆಳೆದ.

"ಅಪ್ಪ, ಎಲ್ರೂ ನಕ್ಕಿದ್ರಲ್ಲ," ಎಂದಳು ಶರಾವತಿ.

"ಬಳಗದವ್ರು ನಗ್ತಾರೆ ಮಗಾ. ಅವ್ರಿಗೆಲ್ಲ ನೀನು ಗೊತ್ತು. ಅಜ್ಜಿ ಕೈಗೆ ಯಾರ ದಾಕ್ಷಿಣ್ಯಾನೂ ಇಲ್ಲ."

"ನಿಮಗೆ ಹೇಗನ್ನಿಸ್ತು ಅದನ್ನ ಹೇಳಿ."

"ನಂಗನ್ಸೋದು ಮುಖ್ಯ ಅಲ್ಲ. ನನ್ನ ಎಷ್ಟು ಸೀನು ಹೀಗೇ ಹೋಗಿದೆ. ಈಗ ಮಗಳದ್ದು ಅಂತ ಬೇರೆ ನಿಯಮ ಮಾಡ್ಲಾ?"

ಶರಾವತಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಜಲಜಮ್ಮ "ಎಂತ ಆಯ್ತು ಹುಡುಗಿಗೆ?" ಎಂದು ಕೇಳಿದಳು. ನಿರಂಜನ ಏನೂ ಇಲ್ಲವೆಂದು ತಲೆಯಾಡಿಸಿದ.

ಅಂದಿನಿಂದ ಮನೆಯಲ್ಲಿ ಊಟದ ಹೊತ್ತು ಕೆಟ್ಟುಹೋಯಿತು. ಶರಾವತಿ ತಟ್ಟೆ ಹಿಡಿದು ಕೋಣೆಗೆ ಹೋಗುತ್ತಿದ್ದಳು. ತಾಲೀಮಿಗೂ ಹೋಗಲಿಲ್ಲ. ಅಲ್ಲಿ ಮುದುಕನ ಪಾತ್ರ ಮಾಡುತ್ತಿದ್ದ ಗಣೇಶ್, ಪಂಪ್‌ಸೆಟ್ ರಿಪೇರಿಯ ಅಂಗಡಿಯವನು, ಸ್ವಗತದ ಮಧ್ಯೆ ನಿಂತುಬಿಟ್ಟ.

"ಸಾರ್, ಇದನ್ನ ಹೇಳಿ ಮುಗಿಸೋದ್ರೊಳಗೆ ನಂಗೇ ನಿದ್ದೆ ಬರುತ್ತೆ. ಬೀಗಿತ್ತೀರ ಸೀನು ತೆಗ್ದು ಇದನ್ನ ಇಟ್ಕೊಂಡ್ರಲ್ಲ."

"ಅವ್ವನ ಕೈ ಇಲ್ಲೇ ನಿಂತಿದ್ದು ಗಣೇಶ."

ಜಲಜಮ್ಮನ ಹೆಸರು ಬಂದ ಮೇಲೆ ಗಣೇಶ್ ಬಾಯಿ ಮುಚ್ಚಿಕೊಂಡ. ಅವಳ ಕೈಯ ಮೀನು ಸಾರು ಎಷ್ಟೋ ಸಲ ಉಂಡವನು ಅವನು.

ಜಲಜಮ್ಮನ ವಿಷಯ ಸುಮನಾಳಿಗೆ ಗೊತ್ತಾದದ್ದು ಒಂದು ಬೆಳಗ್ಗೆ, ಅಡುಗೆಮನೆಯಲ್ಲಿ. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು. ಅದಕ್ಕೆ ಬೆನ್ನು ಹಾಕಿ ಲೋಟ ತೊಳೆಯುತ್ತಿದ್ದ ಜಲಜಮ್ಮ "ಸುಮನಾ, ಕುಕ್ಕರ್ ಇಡ್ಲಾ?" ಎಂದಳು. ಸುಮನಾ ಅವಳ ಬೆನ್ನನ್ನೇ ನೋಡಿದಳು.

"ಅತ್ತೆ, ಇವತ್ತು ನಾನು ಆಫೀಸಿಗೆ ಹೋಗಲ್ಲ."

ಜಲಜಮ್ಮ ಒಂದು ಲೋಟ ತೊಳೆದು ಬೋರಲು ಹಾಕಿದಳು.

"ಅತ್ತೆ, ನಾನು ತವರಿಗೆ ಹೋಗ್ತೀನಿ. ಇನ್ನು ಈ ಮನೆಗೆ ಬರೋದೇ ಇಲ್ಲ."

ಜಲಜಮ್ಮ ಇನ್ನೊಂದು ಲೋಟ ತೊಳೆದು ಬೋರಲು ಹಾಕಿದಳು. ಸುಮನಾ ಅವಳ ಭುಜ ಹಿಡಿದು ತನ್ನ ಕಡೆ ತಿರುಗಿಸಿ, ಕಿವಿ ಮುಟ್ಟಿ, ಕೇಳಿಸುವುದಿಲ್ಲವೇ ಎಂದು ಕೈಯಾಡಿಸಿ ಕೇಳಿದಳು. ಜಲಜಮ್ಮನ ಮುಖ ಸಿಕ್ಕಿಬಿದ್ದ ಮಕ್ಕಳ ಹಾಗಾಯಿತು.

"ಎರಡು ವರ್ಷ ಆಯ್ತು ಕಣೆ. ಮೊದ್ಲು ಎಡಗಿವಿ, ಆಮೇಲೆ ಇದೂ. ನಿಮ್ಮಾವಂದೊಂದು ಕೇಳುತ್ತೆ."

ಮಾವ ಬೆಳ್ಳಪ್ಪನ ದನಿ ಯಾರಿಗೆ ತಾನೇ ಕೇಳುವುದಿಲ್ಲ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಜೀವಮಾನವಿಡೀ ಕಂಡಕ್ಟರಾಗಿದ್ದವನು. ನಿವೃತ್ತನಾದ ಮೇಲೂ ಉಪ್ಪು ಕೇಳುವುದನ್ನು ಊರ ಹೆಸರು ಕೂಗಿದಂತೆಯೇ ಕೂಗುತ್ತಿದ್ದ. ಅವನ ಜೊತೆ ಬದುಕಿ ಮನೆಯವರೆಲ್ಲ ಜೋರಾಗಿ ಮಾತಾಡುವವರೇ ಆಗಿದ್ದರು. ಜಲಜಮ್ಮನ ಕಿವುಡು ಆ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು.

"ಮತ್ತೆ ಇವ್ರು ನಾಟಕ ಓದೋದು?" ಎಂದು ಸುಮನಾ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು.

"ಗುಂಯ್ ಅನ್ನುತ್ತೆ ಅಷ್ಟೆ. ಒಂದು ಮಾತೂ ತಿಳಿಯಲ್ಲ."

"ಯಾಕೆ ಹೇಳ್ಲಿಲ್ಲ ಅತ್ತೆ?"

"ಅವ್ನು ಮನೇಲಿರೋದು ಎಷ್ಟು ಹೊತ್ತು ಹೇಳು. ಬರ್ತಾನೆ, ಉಣ್ತಾನೆ, ಮಲಗ್ತಾನೆ. ನಾಟಕ ಓದೋ ಮಧ್ಯಾಹ್ನ ಒಂದೇ ನನ್ನೆದುರು ಕೂರೋದು. ಕಿವಿ ಹೋಗಿದೆ ಅಂತ ಗೊತ್ತಾದ್ರೆ ಎಂತಕ್ಕೆ ಕೂರ್ತಾನೆ? ನೀನು ಹೇಳ್ಬೇಡ ಮಾರಾಯ್ತಿ."

ಸುಮನಾಳಿಗೆ ಅಳು ಬಂತು. ಹೇಳುವುದಿಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಸಂಘದಲ್ಲಿ ಕೂತಾಗ ಮಗಳ ಮುಖ ನೆನಪಾಗಿ ತಾನು ತಲೆಯಾಡಿಸಿದ್ದೇ ತಪ್ಪಾಯಿತು ಅನ್ನಿಸಿತು. ಕೇಳಿಸದ ದೃಶ್ಯವೊಂದನ್ನು ಹಿಡಿಸದ ದೃಶ್ಯವೆಂದು ತೆಗೆದುಹಾಕಿದ್ದರು. ಸಂಜೆ ಬಂದವಳೇ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದ ಮಾವನನ್ನು ಹಿಡಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ಬೆಳ್ಳಪ್ಪ, ತನಗೆ ಸಾಧ್ಯವಾದಷ್ಟು ಮೆಲ್ಲಗೆ. ಪಕ್ಕದ ಮನೆಯವರು ತಿರುಗಿ ನೋಡಿದರು.

"ಡಾಕ್ಟ್ರಿಗೆ ತೋರಿಸ್ಬಾರ್ದಿತ್ತಾ?"

"ಬೇಡ ಅಂತ ಕಾಲು ಹಿಡ್ದಳು. ಎಂತ ಮಾಡ್ಲಿ?"

"ಇಲ್ಲಿ ಹುಡುಗಿ ಇನ್ನು ಬರೆಯೋದೇ ಬೇಡ, ಬಿ.ಎಡ್. ಮಾಡ್ತೀನಿ ಅಂತಿದಾಳೆ. ಅವಳದ್ದು ಚೆನ್ನಾಗಿಲ್ಲ ಅಂತ ಯಾರೂ ಹೇಳ್ಲಿಲ್ಲ ಮಾವ. ಕೇಳಿಸ್ಲಿಲ್ಲ ಅಷ್ಟೆ."

"ಹೇಳಿದ್ರೆ ಅವ್ಳು ಸಾಯ್ತಾಳೆ, ಹೇಳ್ದಿದ್ರೆ ಇವ್ಳು. ನೀನೇ ಹೇಳು, ಯಾರನ್ನ ಇಳ್ಸೋದು ಬಸ್ಸಿಂದ?"

ಒಣಗಿದ ಬಟ್ಟೆಯನ್ನು ಇಬ್ಬರೂ ಸೇರಿ ಮಡಚಿದರು.

ತೀರ್ಮಾನ ಅವರಿಬ್ಬರ ಕೈಯಲ್ಲೂ ಉಳಿಯಲಿಲ್ಲ. ಮರುದಿನ ಜಲಜಮ್ಮ ಮೊಮ್ಮಗಳ ತಟ್ಟೆಗೆ ಕಡುಬು ಹಾಕಿ ತಲೆ ಸವರಲು ಹೋದಾಗ ಶರಾವತಿ ಸರಕ್ಕನೆ ಹಿಂದೆ ಸರಿದಳು. "ನಿನ್ನ ಕೈ ನನ್ನ ಮೇಲಿಡ್ಬೇಡ ಅಜ್ಜಿ. ಎಲ್ಲ ಹಾಳು ಮಾಡಿದ್ದೇ ಅದು," ಎಂದು ಕಣ್ಣಲ್ಲಿ ನೀರು ತಂದುಕೊಂಡು ಕಾಲೇಜಿಗೆ ಹೊರಟುಹೋದಳು. ಜಲಜಮ್ಮನಿಗೆ ಮಾತು ಕೇಳಲಿಲ್ಲ, ಮುಖ ಕಂಡಿತು.

"ಎಂತ ಅಂದಳು?" ಎಂದು ಸೊಸೆಯನ್ನು ಕೇಳಿದಳು. ಸುಮನಾ ಮೊದಲು ಏನಿಲ್ಲ ಎಂದಳು. ಜಲಜಮ್ಮ ಬಿಡಲಿಲ್ಲ. ಕೊನೆಗೆ ಸುಮನಾ ಅವಳನ್ನು ಕೂರಿಸಿಕೊಂಡು, ಕಿವಿಗೆ ಬಾಯಿಟ್ಟು, ಎಲ್ಲವನ್ನೂ ಹೇಳಿದಳು.

"ಮಗು ಬರ್ದಿತ್ತಾ?" ಜಲಜಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಅವತ್ತು ಅವ್ನು ಓದಿದ್ರಲ್ಲಿ ಇವ್ಳದ್ದೂ ಇತ್ತಾ? ನಾನು ಮಿಡಿ ಒರೆಸ್ತಾ ಕೂತಿದ್ನಲ್ಲೇ."

ಆ ದಿನ ಮಧ್ಯಾಹ್ನ ಅವಳು ಸರಿಯಾಗಿ ಉಣ್ಣಲಿಲ್ಲ. ರಾತ್ರಿಯೂಟಕ್ಕೆ ಶರಾವತಿಯೊಬ್ಬಳನ್ನು ಬಿಟ್ಟು ಎಲ್ಲರೂ ಕೂತಾಗ, ಸಾರು ಬಡಿಸುವ ಸೌಟನ್ನು ಪಾತ್ರೆಯಲ್ಲಿಟ್ಟು, ಮಗನ ಎದುರು ನಿಂತು ಹೇಳಿದಳು: "ನಿರಂಜನ, ನಂಗೆ ಕಿವಿ ಕೇಳಲ್ಲ. ಎರಡು ವರ್ಷದಿಂದ ನೀನು ಓದಿದ್ದು ಒಂದೂ ಕೇಳ್ಲಿಲ್ಲ. ಮಗು ಬರ್ದಿದ್ದು ಇಟ್ಕೋ."

ನಿರಂಜನ ಮೊದಲು ನಕ್ಕ. ಮೊಮ್ಮಗಳಿಗಾಗಿ ಆಡುತ್ತಿರುವ ಮಾತೆಂದುಕೊಂಡ. ಆಮೇಲೆ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ನಿಮಗೆಲ್ಲ ಗೊತ್ತಿತ್ತಾ?"

ಶರಾವತಿ ಕೋಣೆಯಿಂದ ತಟ್ಟೆ ಹಿಡಿದೇ ಹೊರಗೆ ಬಂದಿದ್ದಳು.

"ಎರಡು ವರ್ಷದಲ್ಲಿ ಮೂರು ನಾಟಕ ಮಾಡಿದೀನಿ. ಊರ ತುಂಬ ಹೇಳ್ಕೊಂಡು ತಿರುಗಿದೀನಿ, ಅವ್ವ ಒಪ್ಪಿದ್ದು, ಅವ್ವ ಒಪ್ಪಿದ್ದು ಅಂತ. ಜನ ಎಂತ ಅಂತಾರೆ?"

"ನಿಮ್ಮ ಮಾನ ಹೋಗಿದ್ದು ದೊಡ್ಡದಾ, ಅವ್ರ ಕಿವಿ ಹೋಗಿದ್ದು ದೊಡ್ಡದಾ?" ಎಂದಳು ಸುಮನಾ.

ನಿರಂಜನ ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತ. "ಹಾಗಾದ್ರೆ ಅವ್ವನ ಕೈ ನಿಲ್ತಿತ್ತಲ್ಲ, ಅದೆಲ್ಲ ಎಂತದು? ನನ್ನ ಮುಂದೆ ನಾಟಕ ಆಡಿದ್ಲಾ?" ಎಂದು ತನ್ನಷ್ಟಕ್ಕೇ ಅಂದುಕೊಂಡ ಹಾಗೆ ಅಂದ.

"ಎಂತ ಅಂದ?" ಎಂದು ಜಲಜಮ್ಮ ಗಂಡನನ್ನು ಕೇಳಿದಳು.

"ಸಾರು ಸಾಕಂತೆ," ಎಂದು ಬೆಳ್ಳಪ್ಪ ಕೂಗಿದ.

ನಿರಂಜನ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಆ ಮನೆಯಲ್ಲಿ ಅನ್ನ ಬಿಟ್ಟು ಎದ್ದವರು ಅಪರೂಪ, ಜಲಜಮ್ಮ ಆ ತಟ್ಟೆಯನ್ನು ಬಹಳ ಹೊತ್ತು ಎತ್ತಲಿಲ್ಲ.

ಅವಳು ಹೆದರಿದ್ದೇ ಆಯಿತು. ತಿದ್ದಿದ ಭಾಗಗಳನ್ನು ಅವಳಿಗೆ ಮತ್ತೆ ಓದಬೇಕಿದ್ದ ಮುಂದಿನ ಭಾನುವಾರ ನಿರಂಜನ ತಾಲೀಮಿನ ಹಾಲಿನಲ್ಲೇ ಉಳಿದ. ಅದರ ಮುಂದಿನದೂ ಹಾಗೆಯೇ ಹೋಯಿತು. ಮನೆಗೆ ಬಂದರೂ ತಾಯಿಯ ಎದುರು ನಿಲ್ಲುತ್ತಿರಲಿಲ್ಲ. ಏನು ಹೇಳಬೇಕಾದರೂ ಹೆಂಡತಿಯ ಮೂಲಕ ಹೇಳಿಸುತ್ತಿದ್ದ. ಸುಮನಾ ಅತ್ತೆಯನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಕಿವಿ ತೋರಿಸಿದಳು. ನರ ದುರ್ಬಲವಾಗಿದೆ, ಕಿವಿಗೆ ಯಂತ್ರ ಹಾಕಿದರೆ ಅಷ್ಟಿಷ್ಟು ಕೇಳಬಹುದು ಎಂದರು ಡಾಕ್ಟರು. ಯಂತ್ರ ಬಂತು. ಬಸ್ಸಿನ ಇಂಜಿನ್ ಮೇಲೆ ಕೂತ ಹಾಗಾಗುತ್ತೆ ಎಂದು ಜಲಜಮ್ಮ ಅದನ್ನು ತೆಗೆದಿಟ್ಟಳು.

ನಾಟಕಕ್ಕೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಅವಳು ಮೊಮ್ಮಗಳನ್ನು ಬೀದಿಯ ಕಡೆಯ ಜಗುಲಿಗೆ ಕರೆದಳು.

"ನೀ ಬರ್ದಿದ್ದನ್ನ ನಂಗೆ ಓದು."

ಶರಾವತಿ ಅಷ್ಟರಲ್ಲಿ ಅಜ್ಜಿಯ ಮೇಲಿನ ಸಿಟ್ಟು ಬಿಟ್ಟಿದ್ದಳು. ಅವತ್ತು ಆಡಿದ ಮಾತಿಗೆ ನಾಚಿಕೆಯೂ ಆಗಿತ್ತು. ಆದರೆ ಅವಳ ದನಿ ಸಣ್ಣದು. ಎಷ್ಟು ಕೂಗಿದರೂ ಜಲಜಮ್ಮ ತಲೆ ಅಡ್ಡಡ್ಡ ಆಡಿಸುತ್ತಿದ್ದಳು.

"ಕೊಡು ಇತ್ಲಾಗೆ," ಎಂದು ಬೆಳ್ಳಪ್ಪ ಹಾಳೆ ಕಸಿದುಕೊಂಡ. ಕನ್ನಡಕ ಏರಿಸಿ, ಜಗುಲಿಯ ಕಂಬಕ್ಕೆ ಒರಗಿ, ಬಸ್ಸಿನ ಬಾಗಿಲಲ್ಲಿ ನಿಂತಂತೆ ನಿಂತು ಶುರು ಮಾಡಿದ.

"ಟಿಕೆಟ್ನೋರೆ, ಆಯಮ್ಮಂಗೆ ಹೇಳಿ, ಅವ್ರ ಮನೆ ಮದುವೇಲಿ ಪಾಯಸಕ್ಕೆ ಬೆಲ್ಲ ಹಾಕಿದ್ರೋ, ಬೆಲ್ಲದ ಹೆಸರು ಹೇಳಿದ್ರೋ ಅಂತ."

"ಟಿಕೆಟ್ನೋರೆ, ಇವ್ರಿಗೆ ಹೇಳಿ, ಎರಡು ಲೋಟ ಕುಡಿದೋರಿಗೆ ಗೊತ್ತಿರ್ಬೇಕಿತ್ತು ಅಂತ."

ಮೊದಲನೆಯವಳಿಗೆ ದಪ್ಪ ದನಿ, ಎರಡನೆಯವಳಿಗೆ ಮೂಗಿನ ದನಿ. ಬೀದಿಯಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹುಲಿಯಮ್ಮ ಯಾರ ಮನೆಯ ಜಗಳವೋ ಎಂದು ನಿಂತಳು. ಎದುರು ಮನೆಯಾಕೆ ಬಟ್ಟೆ ಹಿಂಡುವುದನ್ನು ಬಿಟ್ಟು ಗೇಟಿಗೆ ಬಂದಳು. ಸೈಕಲ್ಲಿನವರು ಕಾಲೂರಿದರು. ಲಾಂಚು ದಡ ಮುಟ್ಟುವಾಗ ಮುದುಕ, ಇನ್ನು ಸೇತುವೆಯಾಗುತ್ತದೆ, ನೀವು ಹೀಗೆ ಕಷ್ಟಪಟ್ಟು ಒಟ್ಟಿಗೆ ನಿಲ್ಲಬೇಕಾಗಿಲ್ಲ ಎನ್ನುತ್ತಾನೆ. ಆಗ ಒಬ್ಬಳು ಮೊದಲ ಸಲ ಬೀಗಿತ್ತಿಯ ಕಡೆ ತಿರುಗಿ ಕೇಳುತ್ತಾಳೆ.

"ಹೌದಾ? ಹಾಗಾದ್ರೆ ನಾವಿಬ್ರೂ ಇನ್ನೆಲ್ಲಿ ಜಗಳ ಆಡೋದು?"

ಬೀದಿಯೆಲ್ಲ ನಕ್ಕಿತು. ಜಲಜಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಶರಾವತಿ ಮೊದಲು ಅಜ್ಜಿಯನ್ನು ನೋಡಿದಳು, ಆಮೇಲೆ ಬೀದಿಯನ್ನು. ಗೇಟಿನಾಚೆ ಅವಳ ಅಪ್ಪ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ, ಹಿಂದೆ ಗಣೇಶ್ ಕೂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಯಾರೂ ಗಮನಿಸಿರಲಿಲ್ಲ.

"ಸಾರ್, ಒಂದು ಕೈ ನೋಡಿ ಇದನ್ನ ತೆಗೆದಿದ್ರಲ್ಲ," ಎಂದ ಗಣೇಶ್. "ಇಲ್ಲಿ ನೋಡಿ ಎಷ್ಟು ಕೈ ನಿಂತಿದಾವೆ."

ನಿರಂಜನ ಒಳಗೆ ಬಂದು ಅಪ್ಪನ ಕೈಯಿಂದ ಹಾಳೆ ತೆಗೆದುಕೊಂಡು ಮಗಳ ಕಡೆ ತಿರುಗಿದ. "ಅವತ್ತು ನೀನು ನಂಗೆ ಹೇಗನ್ನಿಸ್ತು ಅಂತ ಕೇಳಿದ್ದೆ. ನಾನು ಓದೋವಾಗ ನಿನ್ನ ಅಕ್ಷರ ನೋಡ್ತಿದ್ದೆ, ಸೀನು ನೋಡ್ಲೇ ಇಲ್ಲ. ತಪ್ಪು ನಂದೇ."

"ಇಟ್ಕೋತೀರಾ?"

"ಇಟ್ಕೋತೀನಿ."

"ಸ್ವಗತ ತೆಗೀತೀರಾ ಸಾರ್?" ಎಂದು ಗಣೇಶ್ ಆಸೆಯಿಂದ ಕೇಳಿದ.

"ಅರ್ಧ ತೆಗೀತೀನಿ. ಇನ್ನರ್ಧ ಇರ್ಲಿ, ಅದು ನಂಗೆ ಬೇಕು," ಎಂದ ನಿರಂಜನ. ತನಗೆ ಬೇಕು ಎಂದು ಅವನು ಹೇಳಿದ್ದನ್ನು ಗಣೇಶ್ ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ಮತ್ತೆ ಚೌಕಾಸಿ ಮಾಡಲಿಲ್ಲ.

ತಾಯಿಯ ಜೊತೆ ಮಾತ್ರ ನಿರಂಜನ ಆಗಲೂ ಮಾತಾಡಲಿಲ್ಲ. ಅವಳ ಮುಂದೆ ನಿಂತ, ಏನೋ ಹೇಳಹೊರಟ, ಬೀದಿಯ ಜನ ಇನ್ನೂ ಇದ್ದದ್ದು ನೋಡಿ ಒಳಗೆ ಹೋದ.

ತೀರ್ಥಹಳ್ಳಿಯಲ್ಲಿ ನಾಟಕ ಆಯಿತು. ಮನೆಯವರೆಲ್ಲ ಹೋಗಿದ್ದರು, ಜಲಜಮ್ಮ ಬರಲಿಲ್ಲ. ಸೊಂಟನೋವು ಎಂದಳು. ಬೀಗಿತ್ತಿಯರ ದೃಶ್ಯಕ್ಕೆ ಜನ ಚಪ್ಪಾಳೆ ಹೊಡೆದರು. ಸ್ವಗತಕ್ಕೆ ಕೆಲವರು ಚಹಾ ಕುಡಿಯಲು ಎದ್ದು ಹೋದರು. ಹಿಂದೆ ನಿಂತಿದ್ದ ನಿರಂಜನ ಎದ್ದವರನ್ನೂ ನೋಡಿದ, ಕೂತವರನ್ನೂ ನೋಡಿದ. ಹೊಸನಗರದಲ್ಲಿ ಆದಂತೆ ಅವಮಾನವೇನೂ ಆಗಲಿಲ್ಲ. ಇದು ತನ್ನ ನಾಟಕ, ಹಿಡಿಸದವರು ಚಹಾ ಕುಡಿಯಲಿ ಎನ್ನಿಸಿತು.

ಮರುದಿನ ಭಾನುವಾರ. ಜಲಜಮ್ಮ ಹಿಂಜಗುಲಿಯಲ್ಲಿ ಹುಣಸೆಹಣ್ಣು ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ನಿರಂಜನ ಬಂದು ಎದುರು ಕೂತ. ಅವಳು ಅವನ ಕೈ ನೋಡಿದಳು, ಪಕ್ಕ ನೋಡಿದಳು.

"ಓದೋಕೆ ಎಂತದೂ ತಂದಿಲ್ವಾ?"

ನಿರಂಜನ ಇಲ್ಲವೆಂದು ತಲೆಯಾಡಿಸಿದ.

"ಮತ್ತೆ ಎಂತಕ್ಕೆ ಬಂದೆ?"

"ಸುಮ್ನೆ," ಎಂದ ನಿರಂಜನ. ಅದು ಅವಳಿಗೆ ಕೇಳಲಿಲ್ಲ. ಅವನು ಹತ್ತಿರ ಸರಿದು, ಅಪ್ಪನ ಹಾಗೆ ಗಂಟಲು ಬಿಚ್ಚಿ, "ಸುಮ್ನೆ ಬಂದೆ ಅವ್ವ," ಎಂದ. ಜಲಜಮ್ಮ ಅದನ್ನು ನಂಬಬೇಕೋ ಬೇಡವೋ ಎಂದು ತಿಳಿಯದೆ ಇನ್ನೊಂದು ಹಣ್ಣು ಬಿಡಿಸಿದಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಂಗೆ ಒಂದು ಮಾತೂ ಕೇಳ್ತಿರ್ಲಿಲ್ಲ. ಮತ್ತೆ ಅಲ್ಲಲ್ಲಿ ಕೈ ಎಂತಕ್ಕೆ ನಿಲ್ಲಿಸ್ತಿದ್ದೆ?"

ಇದೇನು ಕೇಳುವ ವಿಷಯ ಎಂಬಂತೆ ಜಲಜಮ್ಮ ಅವನನ್ನು ನೋಡಿದಳು.

"ನೀನು ತಲೆ ಎತ್ತಿದಾಗ ನಿನ್ನ ಮುಖ ನೋಡ್ತಿದ್ದೆ. ಕೈಯಲ್ಲಿ ಕತ್ತಿ ಆಡಿಸ್ತಾ ಮಗನ ಮುಖ ನೋಡೋಕಾಗುತ್ತಾ?"

ನಿರಂಜನ ತಾಯಿಗೆ ಇನ್ನೂ ಹತ್ತಿರ ಕೂತು, ತೀರ್ಥಹಳ್ಳಿಯಲ್ಲಿ ಯಾರು ನಕ್ಕರು, ಯಾರು ಎದ್ದು ಹೋದರು ಎಂಬುದನ್ನೆಲ್ಲ ಮೊದಲಿನಿಂದ ಗಟ್ಟಿಯಾಗಿ ಹೇಳತೊಡಗಿದ.